ಗೂಗಲ್‌ನಲ್ಲಿ ಹಳೆಯ ಹೆಸರನ್ನು ಹಿಂದೆ ಹಾಕುವುದು

ಕೇಳುಗರಿಗೆ ನಮಸ್ಕಾರ. ನೀವು ಸಣ್ಣ ವ್ಯಾಪಾರ ನಡೆಸುವವರು. ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮದೇ ಕಸುಬಿನಲ್ಲಿ ಹಿಂದಿನಿಂದ ಹೆಸರು ಮಾಡಿದ ಎದುರಾಳಿಯೊಬ್ಬರು ಮೇಲಿರುತ್ತಾರೆ, ನೀವೆಲ್ಲೋ ಕೆಳಗೆ. ಅವರು ದುಡ್ಡು ಕೊಟ್ಟಿರಬೇಕು ಅಂತ ಅನುಮಾನ, ಅಲ್ವಾ? ಜಾಹೀರಾತಿನ ಮೇಲೆ 'ಪ್ರಾಯೋಜಿತ' (Sponsored) ಎಂದು ಬರೆದಿರುತ್ತದೆ. ಮಾಮೂಲಿ ಫಲಿತಾಂಶದ ಜಾಗವನ್ನು ಗೂಗಲ್ ಮಾರುವುದಿಲ್ಲ. ನಾನು ಹೇಳುವುದು ಒಂದೇ ಮಾತು. ಗಿರಾಕಿಯ ಒಂದೊಂದು ತೊಂದರೆಗೂ, ಅವನು ಹೇಳುವ ಮಾತಿನಲ್ಲೇ, ನಿಮ್ಮ ವೆಬ್‌ಸೈಟಿನಲ್ಲಿ ಒಂದೊಂದು ಪುಟ ಬರೆಯಿರಿ.

ನನಗೆ ಗೊತ್ತಿರುವ ಒಬ್ಬರು ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಾರೆ. ಎದುರಾಳಿ ಬಹಳ ಹಳಬ. ಇವರಿಗೆ ಯಾರೋ, 'ಬೇರೆ ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಸಾವಿರ ಲಿಂಕ್ ಹಾಕಿಸಿಕೊಡುತ್ತೇನೆ, ಮೊದಲ ಸ್ಥಾನ ಗ್ಯಾರಂಟಿ' ಅಂದಿದ್ದರಂತೆ. ಗೂಗಲ್ 2012ರಲ್ಲೇ ಪೆಂಗ್ವಿನ್ ಅನ್ನುವ ಬದಲಾವಣೆ ತಂದು ಇಂಥ ಲಿಂಕ್‌ಗಳ ಸೈಟುಗಳನ್ನು ಕೆಳಕ್ಕೆ ತಳ್ಳಿದೆ. ಇನ್ನೂ ಅದನ್ನೇ ಮಾರುತ್ತಾರಲ್ಲ! ಬೇಡ ಅಂದೆ.

ಎದುರಾಳಿಯ ಸೈಟು ತೆಗೆದು ನೋಡಿದೆವು. ಇದ್ದದ್ದು ಒಂದೇ ಪುಟ. 'ಎಲ್ಲಾ ರೀತಿಯ ದುರಸ್ತಿ ಮಾಡಲಾಗುವುದು.' ಅಷ್ಟೇ. ನಮ್ಮವರ ಸೈಟಿನಲ್ಲಿ ಇನ್ನೂ ಚೆಂದ: 'ಗೃಹೋಪಯೋಗಿ ಉಪಕರಣಗಳ ಸಮಗ್ರ ಸೇವೆ.' ಯಾರ್ರೀ ಹೀಗೆ ಹುಡುಕುತ್ತಾರೆ? ನಿಮಗೆ ಫೋನ್ ಮಾಡುವವರು ಏನು ಹೇಳುತ್ತಾರೆ ಅಂತ ಕೇಳಿದೆ. 'ನೀರು ಹೊರಗೆ ಹೋಗ್ತಿಲ್ಲ, ಡ್ರಮ್ ತಿರುಗ್ತಿಲ್ಲ, ಬಟ್ಟೆ ಹಿಂಡುವಾಗ ಮೆಷಿನ್ ಕುಣಿಯುತ್ತೆ.' ಇದನ್ನೇ ಬರೆಯಿರಿ ಅಂದೆ. ನೀರು ಹೋಗದಿದ್ದರೆ ಫಿಲ್ಟರ್ ಕಟ್ಟಿದೆಯಾ ಅಥವಾ ಪಂಪ್ ಹೋಗಿದೆಯಾ, ಮನೆಯವರೇ ಏನು ನೋಡಬಹುದು, ಯಾವಾಗ ನಿಮ್ಮನ್ನು ಕರೆಯಬೇಕು. ತಾವೇ ಬಿಚ್ಚಿದ ಮೆಷಿನ್ನಿನ ಫೋಟೋ ಸಮೇತ.

'ಎಲ್ಲ ಹೇಳಿಬಿಟ್ಟರೆ ನನ್ನನ್ನು ಯಾರು ಕರೀತಾರೆ?' ಅಂತ ತಕರಾರು ಬೇರೆ. ಆದರೂ ಬರೆದರು. ಕೆಲವು ತಿಂಗಳಾದ ಮೇಲೆ ಮತ್ತೆ ಬಂದರು, ಮುಖ ಊದಿಸಿಕೊಂಡು. 'ವಾಷಿಂಗ್ ಮೆಷಿನ್ ರಿಪೇರಿ ಅಂತ ಹಾಕಿದರೆ ಈಗಲೂ ಅವನೇ ಮೇಲೆ.' ಸರಿ, ನೀರು ಹೋಗ್ತಿಲ್ಲ ಅಂತ ಹಾಕಿದರೆ? 'ಅದಕ್ಕೆ ನಾನೇ.' ಫೋನ್ ಬರ್ತಿದೆಯಾ? 'ಬರ್ತಿದೆ, ಆದರೂ...' ಏನು ಆದರೂ! ಮೆಷಿನ್ ತುಂಬ ನೀರು ನಿಂತವರು ಹುಡುಕುವುದೇ ಆ ಮಾತನ್ನು. ಒಂದು ತೊಂದರೆ, ಒಂದು ಪುಟ. ಹಾಗಂತ ಒಂದೇ ಪುಟವನ್ನು ಬಡಾವಣೆಯ ಹೆಸರು ಬದಲಿಸಿ ಹತ್ತು ಸಲ ಹಾಕಬೇಡಿ. ಗೂಗಲ್ ಅದನ್ನು ಮೋಸ ಅಂತಲೇ ಲೆಕ್ಕ ಹಾಕುತ್ತದೆ.

ಸಮಯ ಆಗುತ್ತಿದೆ, ಗಡಿಯಾರ ತೋರಿಸುತ್ತಿದ್ದಾರೆ. ಗೂಗಲ್ ಮ್ಯಾಪ್ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಇರುವ ಹೊಂದಿಕೆ, ದೂರ, ಹೆಸರುವಾಸಿ, ಈ ಮೂರನ್ನು ಗೂಗಲ್ ನೋಡುತ್ತದೆ. ದೂರ ನಿಮ್ಮ ಕೈಯಲ್ಲಿಲ್ಲ. ಬಿಸಿನೆಸ್ ಪ್ರೊಫೈಲ್‌ನಲ್ಲಿ, ಅಂದರೆ ಗೂಗಲ್‌ನಲ್ಲಿ ನಿಮ್ಮ ವ್ಯಾಪಾರದ ವಿವರ ತೋರಿಸುವ ಪುಟದಲ್ಲಿ, ಮುಖ್ಯ ಕೆಟಗರಿ, ಅಂದರೆ ಯಾವ ಕಸುಬು ಅನ್ನುವುದನ್ನು ಸರಿಯಾಗಿ ಆರಿಸಿ. ಬೋರ್ಡಿನಲ್ಲಿ ಇಲ್ಲದ ಪದಗಳನ್ನು ಹೆಸರಿಗೆ ತುರುಕಬೇಡಿ, ಪ್ರೊಫೈಲೇ ಹೋಗಬಹುದು. ಕೆಲಸ ಮುಗಿದ ಮೇಲೆ ರಿವ್ಯೂ ಕೇಳಿ, ತಪ್ಪಿಲ್ಲ. ಅದಕ್ಕೆ ರಿಯಾಯಿತಿ ಆಸೆ ತೋರಿಸಿದರೆ ನಿಯಮ ಮುರಿದಂತೆ.

ಇನ್ನೊಂದು, ಅಂಗಡಿಯಲ್ಲೇ ಕೂತು ಹುಡುಕಿ ಖುಷಿಪಡಬೇಡಿ. ಅಲ್ಲಿ ನೀವೇ ಹತ್ತಿರದವರು, ಸಹಜವಾಗಿ ಮೇಲೆ ಬರಬಹುದು. ದೂರದಲ್ಲಿರುವ ಗಿರಾಕಿಯ ಫೋನಿನಲ್ಲಿ ನೋಡಿಸಿ. ಇವತ್ತು ಫೋನ್ ಮಾಡಿದವರು ಏನು ಕೇಳಿದರು, ಅವರ ಮಾತಿನಲ್ಲೇ ಬರೆದಿಡಿ. ನಾಳೆ ಬೆಳಿಗ್ಗೆ ಅದರಲ್ಲೊಂದು ಪುಟ ಮಾಡಿ. ನಮಸ್ಕಾರ.