ಹಾಜರಿ ಪುಸ್ತಕ ಹುಟ್ಟಿಸಿದ ಅಪರಾಧ

ಗೆಳೆಯರೇ, ಸಮಾಜ ಒಪ್ಪಿದ ನಡವಳಿಕೆಯಿಂದ ದೂರ ಸರಿಯುವುದೇ ವಿಚಲನೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಸರಿ. ಆದರೆ ಇಂಥವರು ದಾರಿ ತಪ್ಪಿದವರು ಎಂದು ತೀರ್ಮಾನಿಸಿದವರು ಯಾರು, ಅದನ್ನು ಎಲ್ಲಿ ಬರೆದಿಟ್ಟರು, ಬರೆದ ಮೇಲೆ ಆ ಮನುಷ್ಯನ ದಿನಚರಿ ಏನಾಯಿತು? ಇಷ್ಟನ್ನು ನೋಡದಿದ್ದರೆ ಸಿದ್ಧಾಂತಗಳು ಪರೀಕ್ಷೆಗೆ ಉರುಹೊಡೆಯುವ ಸರಕಷ್ಟೇ. ಹಾಗಾಗಿ ಇವತ್ತು ಒಂದೇ ಕಾನೂನನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ: 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ.

ಉತ್ತರ ಭಾರತದಲ್ಲಿ ಶುರುವಾದ ಇದು 1911ರ ಹೊಸ ಕಾಯ್ದೆಯ ಮೂಲಕ ದಕ್ಷಿಣಕ್ಕೂ ಬಂತು. ನಡೆಯುತ್ತಿದ್ದದ್ದು ಹೀಗೆ. ಸರ್ಕಾರ ಒಂದು ಸಮುದಾಯವನ್ನು 'ಅಪರಾಧಿ ಬುಡಕಟ್ಟು' ಎಂದು ಅಧಿಸೂಚಿಸುತ್ತದೆ. ಆ ಅಧಿಸೂಚನೆಯನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ. ನಂತರ ಮ್ಯಾಜಿಸ್ಟ್ರೇಟರ ಆದೇಶದಂತೆ ಹೆಸರುಗಳು ನೋಂದಣಿ ಪುಸ್ತಕಕ್ಕೆ ಏರುತ್ತವೆ. 1911ರಿಂದ ಬೆರಳಚ್ಚೂ ಸೇರಿತು. ಹೆಸರು ಏರಿದವನು ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು, ಗಡಿ ದಾಟಲು ಪಾಸು ಪಡೆಯಬೇಕು. ಮದುರೈ ಸೀಮೆಯಲ್ಲಿ ಕಳ್ಳರ್ ಸಮುದಾಯದ ಗಂಡಸರು ರಾತ್ರಿಗಳನ್ನು ಠಾಣೆಯಲ್ಲೇ ಕಳೆಯಬೇಕಿತ್ತು. ಇಷ್ಟಕ್ಕೆಲ್ಲ ಆ ವ್ಯಕ್ತಿ ಏನನ್ನಾದರೂ ಕದ್ದಿರಬೇಕಾಗಿರಲಿಲ್ಲ. ಆ ಜಾತಿಯಲ್ಲಿ ಹುಟ್ಟಿದ್ದರೆ ಸಾಕಿತ್ತು.

ಹಾಜರಿ ತಪ್ಪಿಸುವುದೇ ಶಿಕ್ಷಾರ್ಹ. ಪಕ್ಕದೂರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಪಾಸಿಲ್ಲದೆ ಹೊರಟವನೂ ಅಪರಾಧಿ. ಹೀಗೆ ಕಾಯ್ದೆಯೇ ಹುಟ್ಟಿಸಿದ ತಪ್ಪುಗಳು ದಾಖಲೆಗೆ ಸೇರಿದವು. ಆ ದಾಖಲೆಯನ್ನೇ ಹಿಡಿದು 'ಈ ಜನ ಅಪರಾಧಿಗಳು' ಎಂದು ಸಾಧಿಸಿದರು. ಅಪರಾಧದ ಯಾವುದೇ ಅಂಕಿಅಂಶ ಕೈಗೆ ಬಂದಾಗ ಎಷ್ಟು ಪ್ರಕರಣ ಎಂದು ಎಣಿಸುವ ಮೊದಲು, ಯಾರ ಮೇಲೆ ಕಾವಲು ಹೆಚ್ಚಿತ್ತು ಎಂದು ಕೇಳಬೇಕು.

1951ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಲೆಮರ್ಟ್ ಪ್ರಾಥಮಿಕ ವಿಚಲನೆ, ದ್ವಿತೀಯಕ ವಿಚಲನೆ ಎಂದು ವಿಂಗಡಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ. ಎಲ್ಲರೂ ಎಂದೋ ಒಮ್ಮೆ ನಿಯಮ ಮುರಿಯುತ್ತಾರೆ, ಅದು ಪ್ರಾಥಮಿಕ. ಸಿಕ್ಕಿಬಿದ್ದು, ಹಣೆಪಟ್ಟಿ ಅಂಟಿಸಿಕೊಂಡು, ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ಆ ಪಟ್ಟಿಗೆ ತಕ್ಕಂತೆಯೇ ಬದುಕುವುದು ದ್ವಿತೀಯಕ. ನಮ್ಮ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮೊದಲ ಹಂತವೇ ಇಲ್ಲದೆ ಹಣೆಪಟ್ಟಿ ಹಚ್ಚಿತು.

ಇನ್ನೊಬ್ಬ ಅಮೆರಿಕದ ಸಮಾಜಶಾಸ್ತ್ರಜ್ಞ ಟ್ರಾವಿಸ್ ಹರ್ಶಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಜನ ನಿಯಮ ಮುರಿಯುವುದೇಕೆ ಎಂದಲ್ಲ, ಪಾಲಿಸುವುದೇಕೆ? ಅವರು ಹೇಳಿದ್ದು ನಾಲ್ಕು ಬಂಧಗಳು: ಆಪ್ತರ ಮೇಲಿನ ಮಮತೆ, ಕಳೆದುಕೊಳ್ಳಲು ಹೆದರುವಂಥ ಕೆಲಸ-ಮರ್ಯಾದೆ, ದಿನ ತುಂಬುವ ಚಟುವಟಿಕೆ, ನಿಯಮ ನ್ಯಾಯವಾದದ್ದೆಂಬ ನಂಬಿಕೆ. ಇವನ್ನು ಮುಂಬೈ ಪ್ರಾಂತ್ಯದ ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರದ ಸೆಟ್ಲಮೆಂಟುಗಳ, ಅಂದರೆ ಇಂಥ ಸಮುದಾಯಗಳನ್ನು ಕಾವಲಿನಲ್ಲಿಟ್ಟ ವಸತಿಗಳ, ಪಕ್ಕದಲ್ಲಿಟ್ಟು ನೋಡಿ. ಅಪರಾಧಿ ಬುಡಕಟ್ಟುಗಳೆಂದು ಹೆಸರಿಸಲಾದ ಕೊರವರನ್ನೂ ಗಂಟಿಚೋರರನ್ನೂ ತಂದು ಕೂಡಿಹಾಕಿದ್ದು ಇಂಥಲ್ಲಿ. ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರ 1897ರ ತಿದ್ದುಪಡಿಯಿಂದಲೇ ಸರ್ಕಾರದ ಕೈಯಲ್ಲಿತ್ತು. ಮೊದಲ ಬಂಧಕ್ಕೆ ಅಲ್ಲೇ ಕತ್ತರಿ. ಗಿರಣಿ ಕೆಲಸವೇನೋ ಸಿಕ್ಕಿತು, ಅಂದರೆ ದಿನ ತುಂಬಿತು. ಆದರೆ ದುಡಿದು ಗಳಿಸಿದ ಒಳ್ಳೆಯ ಹೆಸರಿಗೆ ಬೆಲೆಯಿಲ್ಲ, ಸಂಜೆ ಮತ್ತೆ ಅದೇ ಹಾಜರಿ. ನಿಯಮ ನ್ಯಾಯವಾದದ್ದು ಎಂದು ಅವರು ಯಾಕಾದರೂ ನಂಬಬೇಕಿತ್ತು? ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ನಾಲ್ಕರಲ್ಲಿ ಮೂರನ್ನು 'ಸುಧಾರಣೆ'ಯ ಹೆಸರಿನಲ್ಲೇ ಕಡಿದರು. ಇದು ನನಗೆ ಇಡೀ ಇತಿಹಾಸದ ಅತ್ಯಂತ ಕ್ರೂರ ಭಾಗ ಅನ್ನಿಸುತ್ತದೆ.

ಹಾಗಂತ ಲೆಮರ್ಟ್ ಹೇಳಿದಂಥ ಹಣೆಪಟ್ಟಿಯ ಸಿದ್ಧಾಂತವೊಂದೇ ಸಾಲದು. ಸರ್ಕಾರದ ಕಣ್ಣು ಈ ಸಮುದಾಯಗಳ ಮೇಲೇ ಏಕೆ ಬಿತ್ತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕೊರವರು ಕತ್ತೆ, ಎತ್ತುಗಳ ಮೇಲೆ ಉಪ್ಪು-ಧಾನ್ಯ ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಜನ. ಒಂದು ಕಡೆ ಬ್ರಿಟಿಷರ ಉಪ್ಪಿನ ನೀತಿ, ಇನ್ನೊಂದು ಕಡೆ ರೈಲು, ಎರಡೂ ಸೇರಿ ಆ ವ್ಯಾಪಾರವನ್ನು ಮುರಿದವು. ಅರಣ್ಯ ಕಾನೂನುಗಳು ಮೇವು-ಬಿದಿರಿಗೂ ಅಡ್ಡಬಂದವು. ಗುರಿ ಉಳಿದು ದಾರಿ ಮುಚ್ಚಿದಾಗ ವಿಚಲನೆ ಹುಟ್ಟುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಹೇಳಿದ್ದು ಈ ಸ್ಥಿತಿಗೆ ಸರಿಹೊಂದುತ್ತದೆ. ಅವರು ಗುರುತಿಸಿದ ಐದು ಪ್ರತಿಕ್ರಿಯೆಗಳಲ್ಲಿ ಬಂಡಾಯವೂ ಒಂದು. 1920ರ ಏಪ್ರಿಲ್ 3ರಂದು ಮದುರೈ ಸೀಮೆಯ ಪೆರುಂಗಾಮನಲ್ಲೂರಿನಲ್ಲಿ ಕಳ್ಳರ್ ಜನ ನೋಂದಣಿಗೆ ಒಪ್ಪದೆ ನಿಂತರು. ಪೊಲೀಸರು ಗುಂಡು ಹಾರಿಸಿದರು.

ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಪಟ್ಟಿಯಿಂದ ಬಿಡುಗಡೆಯಾದ ಈ ಸಮುದಾಯಗಳಿಗೆ 'ವಿಮುಕ್ತ' ಎಂಬ ಹೆಸರು ಬಂದದ್ದು ಆಮೇಲೆ. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಕಾಗದದ ಮೇಲೆ ವ್ಯತ್ಯಾಸ ದೊಡ್ಡದು: ಇಲ್ಲಿ ಸಮುದಾಯವಲ್ಲ, ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿ ಲೆಕ್ಕಕ್ಕೆ. ತೊಡಕು ಬರುವುದು ಠಾಣೆಯಲ್ಲಿ. ಕಳವಾದಾಗ ಮೊದಲು ಯಾವ ಓಣಿಗೆ ಹೋಗಬೇಕೆಂಬುದು ಹಳೆಯ ರೂಢಿಯಿಂದಲೇ ತೀರ್ಮಾನವಾದರೆ, ಆ ಓಣಿಯ ಹುಡುಗರ ಹೆಸರೇ ಪುಸ್ತಕದಲ್ಲಿ ತುಂಬುತ್ತದೆ. ಜೈಲು ಕೈಪಿಡಿಗಳಲ್ಲಂತೂ ಜಾತಿ ನೇರವಾಗಿಯೇ ಉಳಿದಿತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜಾತಿ ನೋಡಿ ಕೈದಿಗಳಿಗೆ ಕೆಲಸ ಹಂಚುವ ನಿಯಮಗಳನ್ನು ರದ್ದುಗೊಳಿಸಿತು. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನ ಕಾರಣಕ್ಕೇ ರೂಢಿಗತ ಅಪರಾಧಿಗಳೆಂದು ಕಾಣುವುದನ್ನೂ ತಳ್ಳಿಹಾಕಿತು. ಮೂಲ ಕಾಯ್ದೆ ಹೋಗಿ ಆಗಲೇ 72 ವರ್ಷ ಕಳೆದಿತ್ತು.