ಬಿರುಕಿನ ಗಂಟೆ

ಹನ್ನೆರಡು ಹೊಡೆಯಲು ಇನ್ನು ಮೂರು ನಿಮಿಷ ಇದೆ. ನಾನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತಿದ್ದೇನೆ. ಎದುರಿಗಿರುವ ಗೋಪುರ ಎಲಿಜಬೆತ್ ಟವರ್. ಎಲ್ಲರೂ ಇದನ್ನೇ ಬಿಗ್ ಬೆನ್ ಅಂತಾರೆ. ಆದರೆ ಆ ಹೆಸರು ಒಳಗಿನ ದೊಡ್ಡ ಗಂಟೆಯದು. ಗಡಿಯಾರದ ಮುಖಕ್ಕಿಂತ ಮೇಲೆ ಜಾಲರಿಯಂಥ ಕಿಂಡಿಗಳು ಕಾಣುತ್ತವಲ್ವಾ, ಅದರ ಹಿಂದೆ ಇದೆ. ತೂಕ 13.7 ಟನ್.

ನಮ್ಮಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಠಣ್ ಅಂದರೆ ಸರಿ. ದನಿ ಒಡೆದಿದ್ದರೆ ಮಾತಿಲ್ಲದೆ ವಾಪಸ್ ಇಡುತ್ತಿದ್ದರು. ನಮ್ಮಜ್ಜಿ ಇಲ್ಲಿಗೆ ಬಂದಿದ್ದರೆ ಏನನ್ನುತ್ತಿದ್ದರೋ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ಯಾಕೆಂದರೆ ಬಿಗ್ ಬೆನ್ ಬಿರುಕು ಬಿಟ್ಟಿರುವ ಗಂಟೆ.

ಇದು ಎರಡನೆಯ ಗಂಟೆ. ಮೊದಲನೆಯದನ್ನು 1856ರಲ್ಲಿ ಎರಕ ಹೊಯ್ದರು. ಗೋಪುರ ಇನ್ನೂ ಮುಗಿದಿರಲಿಲ್ಲ. ಕೆಳಗೆ ಅಂಗಳದಲ್ಲೇ ತೂಗುಹಾಕಿ ಹೊಡೆದು ನೋಡುತ್ತಿದ್ದಾಗ, 1857ರಲ್ಲಿ ಅದು ಸೀಳಿತು. ಅದನ್ನು ಒಡೆದು ಕರಗಿಸಿ, 1858ರ ಏಪ್ರಿಲ್‌ನಲ್ಲಿ ವೈಟ್‌ಚಾಪೆಲ್‌ನ ಎರಕದ ಮನೆಯಲ್ಲಿ ಜಾರ್ಜ್ ಮಿಯರ್ಸ್ ಮತ್ತೆ ಹೊಯ್ದರು. ಈ ಗಂಟೆಯನ್ನು ಗೋಪುರದ ತುದಿಗೆ ಎಳೆಯಲು 30 ತಾಸು ಹಿಡಿಯಿತು.

1859ರ ಜುಲೈನಲ್ಲಿ ಬಾರಿಸಲು ಶುರು. ಸೆಪ್ಟೆಂಬರ್‌ನಲ್ಲಿ ಇದೂ ಬಿರುಕು ಬಿಟ್ಟಿತು. ಗಡಿಯಾರದ ವಿನ್ಯಾಸ ಮಾಡಿದ್ದ ಎಡ್ಮಂಡ್ ಬೆಕೆಟ್ ಡೆನಿಸನ್ ತೀರಾ ಭಾರದ ಸುತ್ತಿಗೆ ಹಾಕಿಸಿದ್ದರು. ಮಿಯರ್ಸ್ ಪ್ರಕಾರ, ತಾವು ಹೇಳಿದ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಡೆನಿಸನ್ ಎರಕದವರನ್ನೇ ದೂರಿದರು.

ಅಷ್ಟು ದೊಡ್ಡ ಗಂಟೆಯನ್ನು ಮತ್ತೆ ಇಳಿಸುವುದು ಸುಲಭವೇ? ಆಗ ಉಪಾಯ ಹೇಳಿದ್ದು ಒಬ್ಬ ಖಗೋಳ ವಿಜ್ಞಾನಿ, ಜಾರ್ಜ್ ಏರಿ. ಬಿರುಕು ಹರಡದಂತೆ ಅದರ ಬಳಿ ಅಂಚಿನಿಂದ ಒಂದು ಚೌಕ ತುಂಡನ್ನು ಕೆತ್ತಿ ತೆಗೆದರು. ಗಂಟೆಯನ್ನು ಸ್ವಲ್ಪ ತಿರುಗಿಸಿದರು, ಪೆಟ್ಟು ಬೇರೆ ಜಾಗಕ್ಕೆ ಬೀಳಲಿ ಅಂತ. ಸುತ್ತಿಗೆ ಹಗುರ ಮಾಡಿದರು. ಹಗುರ ಅಂದರೂ 200 ಕಿಲೋ! 1863ರಲ್ಲಿ ಇಷ್ಟು ಮಾಡಿದ ಮೇಲೆ ಅದು ಇವತ್ತಿಗೂ ಬಾರಿಸುತ್ತಿದೆ. 1923ರ ಕೊನೆಯ ರಾತ್ರಿಯಿಂದ ಬಿಬಿಸಿ ರೇಡಿಯೊದಲ್ಲಿ ಜಗತ್ತು ಕೇಳುತ್ತಾ ಬಂದಿರುವುದು ಈ ಬಿರುಕಿನ ದನಿಯನ್ನೇ. ನನಗೆ ಇದು ತುಂಬಾ ಇಷ್ಟವಾಯಿತು.

ಈ ಗಂಟೆ ತೂಗಾಡುವುದಿಲ್ಲ. ಅಲುಗಾಡದೆ ನಿಂತಿರುತ್ತದೆ, ಸುತ್ತಿಗೆ ಹೊರಗಿನಿಂದ ಬಡಿಯುತ್ತದೆ. ಭಾರದ ಗುಂಡುಗಳು ನಿಧಾನಕ್ಕೆ ಇಳಿಯುತ್ತಾ ಕೆಳಗಿನ ಗಡಿಯಾರದ ಕೋಣೆಯಲ್ಲಿರುವ ಯಂತ್ರವನ್ನು ತಿರುಗಿಸುತ್ತವೆ. ವಾರಕ್ಕೆ ಮೂರು ಸಲ ಕೀಲಿ ಕೊಡಬೇಕು. ಗುಂಡು ಒಮ್ಮೆಲೇ ಜಾರದಂತೆ ಗಾಳಿಯನ್ನು ತಳ್ಳುವ ರೆಕ್ಕೆಗಳಿವೆ. 1976ರ ಆಗಸ್ಟ್‌ನಲ್ಲಿ ಆ ಭಾಗ ಮುರಿಯಿತು. ತಡೆಯುವವರಿಲ್ಲದೆ ಗುಂಡು ಬಿದ್ದ ರಭಸಕ್ಕೆ ಯಂತ್ರ ಛಿದ್ರವಾಯಿತು. ಪೂರ್ತಿ ಸರಿಯಾಗುವ ಹೊತ್ತಿಗೆ ಮರುವರ್ಷದ ಮೇ ಬಂದಿತ್ತು.

ಆಮೇಲೆ 2017ರ ಆಗಸ್ಟ್ 21. ಮಧ್ಯಾಹ್ನ ಹನ್ನೆರಡು ಹೊಡೆದು ದೊಡ್ಡ ಗಂಟೆ ಮೌನವಾಯಿತು. ಗಡಿಯಾರದ ಸಾವಿರಕ್ಕೂ ಹೆಚ್ಚು ಭಾಗಗಳನ್ನು ಬಿಚ್ಚಿದರು. ದುರಸ್ತಿ ನಡೆದದ್ದು ದೂರದ ಕಂಬ್ರಿಯಾದಲ್ಲಿ. ಹೊಸ ವರ್ಷದಂಥ ದಿನಗಳಿಗೆ ಮಾತ್ರ ಬೇರೆ ಮೋಟಾರು ಜೋಡಿಸಿ ಬಾರಿಸುತ್ತಿದ್ದರು. ಮುಳ್ಳುಗಳಿಗೆ ಹಳೆಯ ನೀಲಿ ಬಣ್ಣ ವಾಪಸ್ ಬಂತು, ನೋಡಿ. ಗೋಪುರಕ್ಕೆ ಸುಮಾರು 80 ಮಿಲಿಯನ್ ಪೌಂಡ್ ಖರ್ಚಾಯಿತು. ಆದರೆ ದೊಡ್ಡ ಗಂಟೆಯನ್ನು ಕೆಳಗಿಳಿಸಲಿಲ್ಲ. ಬಿರುಕನ್ನು ಮುಚ್ಚಲಿಲ್ಲ. ಮುಚ್ಚಿದ್ದರೆ ಆ ದನಿಯೇ ಹೋಗುತ್ತಿತ್ತು. 2022ರ ನವೆಂಬರ್ 13ರಂದು, ಬೆಳಗ್ಗೆ ಹನ್ನೊಂದಕ್ಕೆ, ಅದು ತನ್ನ ದಿನದ ಕೆಲಸಕ್ಕೆ ಮರಳಿತು.

ಕೇಳಿಸಿತಾ? ಇದು ನಾಲ್ಕು ಸಣ್ಣ ಗಂಟೆಗಳ ರಾಗ. ಇದು ಮುಗಿದ ಮೇಲೆ ದೊಡ್ಡದರ ಮೊದಲ ಪೆಟ್ಟು ಬೀಳುತ್ತದಲ್ಲ, ಆ ಕ್ಷಣವೇ ಸರಿಯಾಗಿ ಹನ್ನೆರಡು. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ನಾನು ಸುಮ್ನೆ ಇರುತ್ತೇನೆ.