ಬೀಳ್ಕೊಡುಗೆಯ ಬಿಡಾರ

ಎಲ್ಲರಿಗೂ ನಮಸ್ಕಾರ.

ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಮನೆಗಾಡಿ) ಕ್ಲಬ್ಬಿನಲ್ಲಿ ಇಪ್ಪತ್ತು, ಮೂವತ್ತು ವರ್ಷ ಓಡಾಡಿದ ಹಿರಿಯರೊಬ್ಬರು “ಇನ್ನು ಸಾಕು, ಗಾಡಿ ಕೊಟ್ಟುಬಿಡುತ್ತೇನೆ” ಎಂದ ಕೂಡಲೇ ಏಳುವ ಪ್ರಶ್ನೆಗಳು ಎರಡು: ಕಾಣಿಕೆ ಏನು ಕೊಡೋಣ, ಮಾತಾಡುವವರು ಯಾರು? ಇವೆರಡೂ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತವೆ. ಯಾರೂ ಕೇಳದೆ ಉಳಿಯುವುದು ಬೇರೆ. ಆ ಗಾಡಿಯ ಒಂದೊಂದು ನಲ್ಲಿ, ಒಂದೊಂದು ಫ್ಯೂಸು, ನೀರು ಸೋರಲು ಶುರುವಾಗುವ ಒಂದೊಂದು ಮೂಲೆ ಅವರ ಕೈಗೆ ಗೊತ್ತು. ಕೇಳದಿದ್ದರೆ ಅದೆಲ್ಲ ಅವರ ಜೊತೆಯೇ ಮನೆಗೆ ಹೋಗುತ್ತದೆ. ಬೀಳ್ಕೊಡುಗೆಯ ವಾರಾಂತ್ಯ ಎಂದರೆ ಆ ತಿಳಿವಳಿಕೆ ಕೈ ಬದಲಾಗುವ ಎರಡು ದಿನ. ಆ ಎರಡು ದಿನ ಅವರಿಗೆ ಮೈದಣಿಯುವ ಒಂದು ಕೆಲಸವೂ ಬೀಳಬಾರದು. ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ ಎಂದು ಹೇಳಲು ಇವತ್ತು ನಿಂತಿದ್ದೇನೆ.

ಮೊದಲು ದಿನಾಂಕ. ಗಾಡಿ ಮಾರಿದ ಮೇಲೆ ಕೂಟ ಇಡಬೇಡಿ. ಹಾಗಾದರೆ ಅವರು ಯಾರದೋ ಕಾರಿನಲ್ಲಿ ಬಂದು, ಯಾರದೋ ಗಾಡಿಯಲ್ಲಿ ಮಲಗಿ, ತಮ್ಮದೇ ಕೂಟದಲ್ಲಿ ನೆಂಟರ ಹಾಗೆ ಕುಳಿತಿರುತ್ತಾರೆ. ಗಾಡಿ ಅವರ ಹೆಸರಿನಲ್ಲಿ ಇರುವಾಗಲೇ, ಅವರೇ ಓಡಿಸಿಕೊಂಡು ಬರಬಲ್ಲ ಹವಾಮಾನದಲ್ಲಿ, ಹಗಲು ಉದ್ದವಿರುವ ತಿಂಗಳಲ್ಲಿ ಇಡಿ. ಮುಖ್ಯ ಕಾರ್ಯಕ್ರಮ ಶನಿವಾರ ರಾತ್ರಿಗೆ ಬೇಡ, ಮಧ್ಯಾಹ್ನಕ್ಕೆ ಇರಲಿ. ಕತ್ತಲಾದ ಮೇಲೆ ಡೇರೆಯ ಹಗ್ಗಗಳು ಕಾಣುವುದಿಲ್ಲ, ಹುಲ್ಲು ಮಂಜಿನಿಂದ ಜಾರುತ್ತದೆ, ಎಪ್ಪತ್ತೈದು ದಾಟಿದವರಿಗೆ ಅಷ್ಟು ಹೊತ್ತಿಗೆ ಮಾತಿಗಿಂತ ಹಾಸಿಗೆ ಬೇಕಾಗಿರುತ್ತದೆ.

ಜಾಗ ಹಂಚುವಾಗ ಅತಿಥಿಯ ಗಾಡಿಯನ್ನು ನಟ್ಟನಡುವೆ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ನಡುಮೈದಾನದಲ್ಲಿ ಗೌರವ ಜಾಸ್ತಿ, ನೆಮ್ಮದಿ ಕಡಿಮೆ. ಗಟ್ಟಿ ನೆಲ, ನೀರಿನ ನಲ್ಲಿಗೆ ಮತ್ತು ಶೌಚಾಲಯಕ್ಕೆ ಹತ್ತಿರ, ಬಾಗಿಲು ಎಲ್ಲರೂ ಸೇರುವ ಕಡೆಗೆ: ಇಷ್ಟು ಸಿಕ್ಕರೆ ಅಂಚಾದರೂ ಅದೇ ಒಳ್ಳೆಯ ಜಾಗ. ಗಾಡಿ ಗಾಡಿಯ ನಡುವೆ 6 ಮೀಟರ್ ಬಿಡಿ. ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹಾರದಿರಲಿ ಎಂದು ಈ ಅಂತರ. ಇದರೊಳಗೆ ಡೇರೆ, ಕಾರು ಏನೇ ತುಂಬಿಸಿದರೂ ಆ ಲಾಭ ಹೋಯಿತು.

ಹುಲ್ಲುನೆಲವಾದರೆ ಒಂದು ಎಚ್ಚರಿಕೆ. ಎಷ್ಟೋ ಮೋಟರ್‌ಹೋಮ್‌ಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಗಾಲಿಗೆ, ಭಾರ ಕೂರುವುದು ಹಿಂದೆ. ಹಿಂಗಾಲಿಯ ಆಚೆ ಚಾಚಿದ ಹಿಂಭಾಗ ತುಂಬಿದಷ್ಟೂ ಮುಂಭಾಗ ಹಗುರಾಗಿ, ಒದ್ದೆ ಹುಲ್ಲಿನ ಮೇಲೆ ಗಾಲಿ ಸುಮ್ಮನೆ ತಿರುಗುತ್ತದೆ. ಆದ್ದರಿಂದ ಮೂತಿ ಇಳಿಜಾರಿನ ಕಡೆಗಿರಲಿ, ಹೊರಡುವಾಗ ಇಳಿಜಾರೇ ಎಳೆದುಕೊಳ್ಳುತ್ತದೆ. ಹಿಡಿತಕ್ಕೆ ಹಾಸುವ ಮ್ಯಾಟನ್ನು ಮುಂದಿನ ಗಾಲಿಗಳ ಎದುರು ಮೊದಲೇ ಹಾಸಿಡಿ. ಗಾಲಿ ಒಮ್ಮೆ ಜಾರಿದರೆ ಆಕ್ಸಿಲರೇಟರ್ ಬಿಟ್ಟುಬಿಡಿ. ಮತ್ತೆ ಮತ್ತೆ ಒತ್ತಿದರೆ ಗುಂಡಿ ಆಳವಾಗುತ್ತದೆ, ಅಷ್ಟೇ.

ಗಾಡಿ ಮಟ್ಟ ಮಾಡುವ ಕೆಲಸವನ್ನು ಇಬ್ಬರು ಸದಸ್ಯರು ವಹಿಸಿಕೊಳ್ಳಲಿ. ರಸಮಟ್ಟವನ್ನು ಫ್ರಿಜ್ಜಿನ ಮುಂದಿನ ನೆಲದ ಮೇಲೆ ಇಡಿ, ಮೇಜಿನ ಮೇಲೆ ಬೇಡ. ಮೇಜು ತಾನೇ ವಾಲಿರಬಹುದು. ತಗ್ಗಿದ ಕಡೆಯ ಗಾಲಿಯ ಮುಂದೆ ರ್‍ಯಾಂಪ್ ಇಟ್ಟು ನಿಧಾನವಾಗಿ ಹತ್ತಿಸಬೇಕು. ಕೈಸನ್ನೆ ಮಾಡುವವರು ಪಕ್ಕದಲ್ಲಿ ನಿಲ್ಲಲಿ, ಮುಂದೆ ಅಲ್ಲ. ಹತ್ತಿದ ಮೇಲೆ ಹ್ಯಾಂಡ್‌ಬ್ರೇಕ್, ಆಮೇಲೆ ಗಾಲಿಗೆ ಅಡ್ಡಗಟ್ಟೆ. ಹಳೆಯ ಗಾಡಿಗಳಲ್ಲಿ ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಫ್ರಿಜ್ ಇರುತ್ತದೆ. ಅದರಲ್ಲಿ ಪಂಪ್ ಇಲ್ಲ. ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಕೊಳವೆಯಲ್ಲಿ ಇಳಿದು ಬರಬೇಕು. ಎರಡು ಮೂರು ಡಿಗ್ರಿಗಿಂತ ಹೆಚ್ಚು ವಾಲಿದರೆ ಅದು ಒಂದೆಡೆ ನಿಂತುಬಿಡುತ್ತದೆ, ಕಾಯುವ ಭಾಗ ಬರಿದಾಗಿ ಅತಿಯಾಗಿ ಕಾಯುತ್ತದೆ, ಫ್ರಿಜ್ ತಣಿಯುವುದಿಲ್ಲ. ಪದೇ ಪದೇ ಹೀಗಾದರೆ ಒಳಗೆ ಕಟ್ಟಿಕೊಂಡು ಘಟಕವೇ ಕೆಡುತ್ತದೆ. ಕಂಪ್ರೆಸರ್ ಇರುವ ಫ್ರಿಜ್ಜಿಗೆ ಈ ಕಷ್ಟವಿಲ್ಲ.

ಇನ್ನು ಕರೆಂಟು. ಕೂಟದ ಶನಿವಾರ ಸಂಜೆ ಕೆಡುವುದು ಹೆಚ್ಚಾಗಿ ಇಲ್ಲೇ. ಗಾಡಿಗಳಿಗೆ ಕರೆಂಟು ಕೊಡಲು ಮೈದಾನದಲ್ಲಿ ನೆಟ್ಟ ಕಂಬಗಳಿರುತ್ತವೆ. 230 ವೋಲ್ಟ್ ಇರುವಲ್ಲಿ 16 ಆಂಪಿಯರ್ ಕಂಬ 3,680 ವಾಟ್ ಕೊಡುತ್ತದೆ, 10 ಆಂಪಿಯರಿನದು 2,300, 6 ಆಂಪಿಯರಿನದು 1,380. ಸಾಮಾನ್ಯ ವಿದ್ಯುತ್ ಕೆಟಲ್ ಒಂದೇ 2,000 ವಾಟ್ ಎಳೆಯುತ್ತದೆ. 6 ಆಂಪಿಯರ್ ಕಂಬಕ್ಕೆ ಅದು ಹೆಚ್ಚಾಯಿತು, ಟ್ರಿಪ್ ಆಗಬಹುದು. ಅರವತ್ತು ಮಂದಿಗೆ ತಲಾ 150 ಮಿಲಿಲೀಟರ್ ಚಹಾ ಎಂದರೆ 9 ಲೀಟರ್. ಅಷ್ಟನ್ನು ಕಾಯಿಸುವ 3,000 ವಾಟ್ ಬಾಯ್ಲರ್ 13 ಆಂಪಿಯರ್ ನುಂಗುತ್ತದೆ, ಅದಕ್ಕೆ 16 ಆಂಪಿಯರ್ ಕಂಬವೊಂದನ್ನು ಪೂರ್ತಿ ಮೀಸಲಿಡಿ. ಉಳಿದವರು ಆ ಹೊತ್ತಿಗೆ ಗ್ಯಾಸಿನ ಮೇಲೆ ನೀರು ಕಾಯಿಸಿಕೊಳ್ಳಲಿ.

ಕೇಬಲ್ ಮೂರು ತಂತಿಯದು, 2.5 ಚದರ ಮಿಲಿಮೀಟರ್ ದಪ್ಪದ್ದು, 25 ಮೀಟರ್ ಇದ್ದರೆ ಸಾಕು. ರೀಲಿಗೆ ಸುತ್ತಿದ್ದನ್ನು ಪೂರ್ತಿ ಬಿಚ್ಚಿ ಗಾಡಿಯ ಕೆಳಗೆ ಸಡಿಲವಾಗಿ ಹರಡಿ. ಸುತ್ತಿದಂತೆಯೇ ಬಿಟ್ಟರೆ ಒಳಸುತ್ತಿನ ಬಿಸಿಗೆ ಹೊರಹೋಗಲು ದಾರಿಯಿಲ್ಲ. ಹೊದಿಕೆ ಕರಗಿ ತಂತಿಗೆ ತಂತಿ ತಾಗುತ್ತದೆ. ಜೋಡಿಸುವಾಗ ಮೊದಲು ಗಾಡಿಗೆ, ಆಮೇಲೆ ಕಂಬಕ್ಕೆ. ಕೀಳುವಾಗ ಮೊದಲು ಕಂಬದ್ದು. ಆಗ ಕೈಯಲ್ಲಿರುವ ತುದಿಯಲ್ಲಿ ಎಂದೂ ಕರೆಂಟು ಇರುವುದಿಲ್ಲ.

ಹಳೆಯ ಫೋಟೋಗಳನ್ನು ಪರದೆಯ ಮೇಲೆ ತೋರಿಸುವ ಯೋಚನೆ ಪ್ರತಿ ಬೀಳ್ಕೊಡುಗೆಯಲ್ಲೂ ಬರುತ್ತದೆ, ಬರಲಿ. ಆದರೆ “ಅವರ ಗಾಡಿಯ ಇನ್ವರ್ಟರಿನಿಂದಲೇ ನಡೆಸೋಣ” ಎಂದರೆ ಬೇಡ ಅನ್ನಿ. ಲೆಕ್ಕ ಹಾಕಿ ನೋಡಿ: 200 ವಾಟಿನ ಪ್ರೊಜೆಕ್ಟರ್, 60 ವಾಟಿನ ಲ್ಯಾಪ್‌ಟಾಪ್, ಮೂರು ಗಂಟೆ. 780 ವಾಟ್-ಗಂಟೆ ಆಯಿತು. 12 ವೋಲ್ಟಿನಲ್ಲಿ ಅದು 65 ಆಂಪಿಯರ್-ಗಂಟೆ, ಇನ್ವರ್ಟರಿನಲ್ಲಿ ಪೋಲಾಗುವುದು ಸೇರಿದರೆ 75ರ ಹತ್ತಿರ. ನೂರು ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಕೆಡಿಸದೆ ಬಳಸಬಹುದಾದ್ದು ಅರ್ಧ, 50 ಮಾತ್ರ. ಇನ್ನೇನು ಕೈಬದಲಾಗುವ ಗಾಡಿಯ ಬ್ಯಾಟರಿಯನ್ನು ಒಂದು ಸಂಜೆಗಾಗಿ ಹಾಳು ಮಾಡಿ ಕೊಡುವುದು ನ್ಯಾಯವಲ್ಲ.

ಗ್ಯಾಸಿನ ವಿಷಯ ಚುಟುಕಾಗಿ ಹೇಳುತ್ತೇನೆ, ಆದರೆ ಇದರಲ್ಲಿ ರಿಯಾಯಿತಿ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಮತ್ತು ಗಾಡಿಯ ನೆಲದಲ್ಲಿ ಇರುವ ತೂತುಗಳು ಅದು ಹೊರಹೋಗಲಿ ಎಂದೇ ಇರುವುದು. ಚಳಿ ಬರುತ್ತದೆಂದು ಬಟ್ಟೆ ತುರುಕಬೇಡಿ. ಇದ್ದಿಲಿನ ಒಲೆಯನ್ನು ಡೇರೆಯೊಳಗೆ ತರಲೇಬೇಡಿ, ಆರಿದಂತೆ ಕಂಡರೂ ಬೇಡ. ಬೂದಿಯಡಿಯ ಕೆಂಡ ಗಂಟೆಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಿಗ್ಗೆ ಚಳಿಯಲ್ಲಿ ಯಾರದೋ ಒಲೆ ಹತ್ತದಿದ್ದರೆ ಸಿಲಿಂಡರಿನಲ್ಲಿ ಬ್ಯೂಟೇನ್ ಇದೆಯೇ ನೋಡಿ. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ಊಟಕ್ಕೆ ಒಂದೊಂದು ಗಾಡಿಯಿಂದ ಒಂದೊಂದು ಪದಾರ್ಥ ಬರಲಿ. ದೊಡ್ಡ ಪಾತ್ರೆ ಮೋಟರ್‌ಹೋಮಿನ ಸಣ್ಣ ಒಲೆಯ ಮೇಲೆ ಕೂರುವುದಿಲ್ಲ, ಉರಿಗೂ ಅಡ್ಡವಾಗುತ್ತದೆ. ಭಾಷಣ ಮೂರಕ್ಕಿಂತ ಹೆಚ್ಚು ಬೇಡ, ಅತಿಥಿಯ ಮಾತು ಊಟಕ್ಕೆ ಮುಂಚೆಯೇ ಆಗಲಿ.

ಈಗ ಈ ವಾರಾಂತ್ಯದ ತಿರುಳಿಗೆ ಬರೋಣ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಹಿರಿಯರ ಗಾಡಿಯ ಸುತ್ತ. ಒಂದು ಸರದಿಗೆ ಆರು ಮಂದಿ, ಅವರಿಗೆ ಒಂದು ಕುರ್ಚಿ. ಅವರು ಹೇಳಬೇಕು, ಬಗ್ಗಿ ತೆರೆದು ತೋರಿಸುವುದು ಬೇರೆಯವರು. “ನಿಮ್ಮ ಅನುಭವ ಹೇಳಿ ಸರ್” ಎಂದು ಕೇಳಿದರೆ ಯಾರೂ ಏನೂ ಹೇಳಲಾರರು. ವಸ್ತುವನ್ನು ಮುಂದಿಟ್ಟು ಕೇಳಿ. “ಮೇಡಂ, ನೀರು ಮೊದಲು ಎಲ್ಲಿ ಇಳಿಯಿತು?” ಎಂದು ಕೇಳಿ ನೋಡಿ. ಅವರ ಕೈ ತಾನಾಗಿ ಹಿಂಬದಿ ಕಿಟಕಿಯ ಕೆಳಮೂಲೆಗೆ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತುತ್ತಾರೆ, ಎರಡು ಬೆರಳಗಲ ಪಕ್ಕಕ್ಕೆ ಸರಿದು ಮತ್ತೆ ಒತ್ತುತ್ತಾರೆ. ಮೊದಲ ಜಾಗ ಗಟ್ಟಿ, ಎರಡನೆಯದು ತುಸು ಒಳಗೆ ಹೋಗುತ್ತದೆ. ಆರು ಮಂದಿಯೂ ಅದೇ ಎರಡು ಜಾಗ ಒತ್ತಿ ನೋಡಲಿ. ಮೆತ್ತಗಾದ ಗೋಡೆ ಹೇಗಿರುತ್ತದೆ ಎಂದು ಬೆರಳಿಗೆ ಒಮ್ಮೆ ತಿಳಿದರೆ ಮರೆಯುವುದಿಲ್ಲ. ಆಮೇಲೆ ತೇವ ಅಳೆಯುವ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ ಶೇ. 15ರ ಒಳಗಿದ್ದರೆ ಚಿಂತೆಯಿಲ್ಲ, 15ರಿಂದ 20 ಬಂದರೆ ಕೆಲವು ತಿಂಗಳಲ್ಲಿ ಮತ್ತೆ ಅಳೆಯಬೇಕು, 20 ದಾಟಿದರೆ ನೀರು ಬರುತ್ತಿರುವ ದಾರಿ ಹುಡುಕಬೇಕು. ಆ ದಾರಿ ಬಹುಪಾಲು ಚಾವಣಿಯ ಕಿಂಡಿಯ ಸುತ್ತ ಅಥವಾ ಅಂಚಿನ ಪಟ್ಟಿಯ ಕೆಳಗೆ ಒಣಗಿ ಬಿರಿದ ಸೀಲಂಟಿನಲ್ಲಿ ಇರುತ್ತದೆ. ಕಲೆ ಕಂಡ ಜಾಗದಲ್ಲೇ ಇರಬೇಕೆಂದಿಲ್ಲ.

ಮುಂದೆ ನೀರಿನ ಪಂಪು. ನಲ್ಲಿ ಎಲ್ಲ ಮುಚ್ಚಿದ್ದಾಗಲೂ ಪಂಪು ಆಗಾಗ ಗುರ್ ಎಂದು ನಿಲ್ಲುತ್ತದೆಯೇ? ಎಲ್ಲೋ ಒತ್ತಡ ಇಳಿಯುತ್ತಿದೆ, ಒಂದು ಜೋಡಣೆ ಜಿನುಗುತ್ತಿದೆ ಎಂದರ್ಥ. ಬಿಸಿನೀರಿನ ಬಾಯ್ಲರಿನ ಪಕ್ಕದಲ್ಲಿ ಚಳಿಗೆ ತಾನೇ ತೆರೆದುಕೊಳ್ಳುವ ವಾಲ್ವ್ ಇದ್ದರೆ ತೋರಿಸಲು ಹೇಳಿ. ಸುಮಾರು 3 ಡಿಗ್ರಿಗೆ ತೆರೆದು ನೀರನ್ನೆಲ್ಲ ಹೊರಗೆ ಬಿಡುತ್ತದೆ, ಹೊಸಬರು ಗಾಡಿ ಸೋರುತ್ತಿದೆ ಎಂದು ಹೆದರುತ್ತಾರೆ. ಟಯರಿನ ಬದಿಯ ನಾಲ್ಕು ಅಂಕಿ ಓದಿಸಿ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಟಯರು ಸವೆಯುವ ಮೊದಲೇ ಮುಪ್ಪಾಗಿ ಪಕ್ಕದಲ್ಲಿ ಬಿರಿಯುತ್ತದೆ. ಹಲ್ಲು ಆಳವಾಗಿದೆಯೆಂದು ನಂಬಿ ಕೂರಬಾರದು.

ಇದೆಲ್ಲ ಹೇಳುತ್ತಿರುವಾಗ ಒಬ್ಬರು ಫೋನಿನಲ್ಲಿ ವಿಡಿಯೊ ಮಾಡಲಿ, ಇನ್ನೊಬ್ಬರು ಬರೆಯಲಿ. ಬಯಲಿನ ಗಾಳಿ ಮಾತನ್ನು ನುಂಗುತ್ತದೆ, ಕೊರಳಪಟ್ಟಿಗೆ ಸಿಕ್ಕಿಸುವ ಮೈಕ್ ಇರಲಿ. ಅವರು ಹೇಳಿದ ಸ್ವಿಚ್ಚು, ವಾಲ್ವುಗಳಿಗೆಲ್ಲ ಆಗಲೇ ಚೀಟಿ ಅಂಟಿಸಿ. ಹೆಚ್ಚಿನ ಹಿರಿಯರ ಬಳಿ ಒಂದು ದಾಖಲೆ ಪುಸ್ತಕ ಇರುತ್ತದೆ: ಯಾವಾಗ ಏನು ಬದಲಿಸಿದ್ದು, ಎಲ್ಲಿ ತಂಗಿದ್ದು, ಯಾವ ದಾರಿಯಲ್ಲಿ ಕಮಾನು ತಗ್ಗು. ಅನುಮತಿ ಕೇಳಿ ಪುಟ ಪುಟದ ಫೋಟೋ ತೆಗೆದುಕೊಳ್ಳಿ. ಕಾಣಿಕೆ ಕೊಡಲೇಬೇಕೆಂದರೆ ಅದನ್ನೇ ಅಚ್ಚುಕಟ್ಟಾಗಿ ಟೈಪ್ ಮಾಡಿ, ರಟ್ಟು ಹಾಕಿಸಿ ಕೊಡಿ. ಮನೆ ತುಂಬ ಸಾಮಾನು ಇಳಿಸಿಕೊಳ್ಳುತ್ತಿರುವವರಿಗೆ ಮತ್ತೊಂದು ವಸ್ತು ಹೊರೆಯೇ.

ಗಾಡಿಯನ್ನು ಕ್ಲಬ್ಬಿನವರೇ ಕೊಳ್ಳುವುದಾದರೆ ಶನಿವಾರ ಸಂಜೆ ಒಂದು ಗಂಟೆ ಓಡಿಸಿ ನೋಡಲಿ, ಹಿರಿಯರು ಪಕ್ಕದಲ್ಲಿರಲಿ. ಕಲಿಯಬೇಕಾದ್ದು ಮುಖ್ಯವಾಗಿ ಹಿಂಭಾಗದ ಬೀಸು: ಎಡಕ್ಕೆ ತಿರುಗಿದಾಗ ಬಲಹಿಂಬದಿ ಮೂಲೆ ಹೊರಕ್ಕೆ ಬೀಸುತ್ತದೆ, ಬಂಕಿನ ಕಂಬಕ್ಕೆ ತಾಗುವುದು ಹೀಗೇ. ಬೀಗದ ಕೈಗಳನ್ನು ಎಣಿಸಿ ಹೆಸರು ಬರೆಯಿರಿ. ಎಂಜಿನ್, ವಾಸದ ಬಾಗಿಲು, ಸಾಮಾನಿನ ಖಾನೆ, ನೀರಿನ ಮುಚ್ಚಳ, ಇಂಧನದ ಮುಚ್ಚಳ, ಶೌಚಾಲಯದ ಕಾಸೆಟ್ಟಿನ (ಹೊರತೆಗೆದು ಖಾಲಿ ಮಾಡುವ ಮಲದ ಪೆಟ್ಟಿಗೆ) ಬಾಗಿಲು ಎಂದು ಆರು ಸುಲಭವಾಗಿ ಆಗುತ್ತವೆ. ಆದರೆ ಗಾಡಿಯನ್ನು ಅವತ್ತೇ ಕೈಗೆ ತೆಗೆದುಕೊಳ್ಳಬೇಡಿ. ಒಂದು ವಾರ ಬಿಡಿ. ಆ ಭಾನುವಾರ ಅವರು ತಮ್ಮ ಗಾಡಿಯಲ್ಲೇ ಮನೆಗೆ ಹೋಗಬೇಕು.

ಮುಂದಿನ ಕೂಟಕ್ಕೆ ಯಾರು ಕರೆತರುತ್ತಾರೆ ಎಂಬುದೂ ಇಲ್ಲೇ ಗೊತ್ತಾಗಲಿ, ಹೆಸರು ಹಿಡಿದು. ಮಲಗಲು ನಾಲ್ಕು ಜಾಗ ಇದ್ದ ಮಾತ್ರಕ್ಕೆ ಬೆಲ್ಟ್ ಇರುವ ಸೀಟು ನಾಲ್ಕು ಇರುವುದಿಲ್ಲ. ಪಕ್ಕಕ್ಕೆ ಮುಖ ಮಾಡಿದ ಸೋಫಾದಲ್ಲಿ ಕೂರಿಸಿ ಕರೆತರಬೇಡಿ. ಒಬ್ಬರು ಹೆಚ್ಚಾದರೆ ತೂಕವೂ ಹೆಚ್ಚು, ನೀರಿನ ಟ್ಯಾಂಕು ಖಾಲಿ ಮಾಡಿಕೊಂಡು ಬನ್ನಿ. ನೂರು ಲೀಟರ್ ನೀರೆಂದರೆ ನೂರು ಕಿಲೊ.

ಭಾನುವಾರ ಬೆಳಿಗ್ಗೆ ಕಾಸೆಟ್ ಖಾಲಿ ಮಾಡುವ ಜಾಗದಲ್ಲಿ ಸಾಲು ನಿಲ್ಲುತ್ತದೆ. ಇಪ್ಪತ್ತು ಗಾಡಿ, ಒಂದಕ್ಕೆ ಆರು ನಿಮಿಷ ಎಂದರೆ ಎರಡು ಗಂಟೆ. ಅರ್ಧದಷ್ಟು ಮಂದಿ ಶನಿವಾರ ಸಂಜೆಯೇ ಮುಗಿಸಿಕೊಂಡರೆ ಸರಿಹೋಗುತ್ತದೆ. ಹಿರಿಯರದನ್ನು ಕಿರಿಯರೊಬ್ಬರು ಕೇಳಿಕೊಂಡು ಒಯ್ಯಲಿ. ತುಂಬಿದ ಕಾಸೆಟ್ 20 ಕಿಲೊ ಹತ್ತಿರ ತೂಗುತ್ತದೆ, ಸೊಂಟಕ್ಕೆ ಅದು ಆಗುವುದಿಲ್ಲ.

ಹೊರಡುವಾಗ ಮೊದಲು ಅವರ ಗಾಡಿಯೇ ಹೋಗಲಿ. ಕೊನೆಗೆ ಬಿಟ್ಟರೆ ಒಬ್ಬೊಬ್ಬರಾಗಿ ಎಲ್ಲರೂ ಹೋಗುವುದನ್ನು ನೋಡುತ್ತ ಬರಿದಾದ ಮೈದಾನದಲ್ಲಿ ಅವರು ಕೂರಬೇಕಾಗುತ್ತದೆ. ಜೊತೆಗೆ ಅಷ್ಟು ಹೊತ್ತಿಗೆ ಹತ್ತೊಂಬತ್ತು ಗಾಡಿ ಓಡಾಡಿ ದಾರಿಯ ಹುಲ್ಲು ಕೆಸರಾಗಿರುತ್ತದೆ. ಒಬ್ಬರು ಒಳಗೆ: ಗ್ಯಾಸ್ ಬಂದ್, ಚಾವಣಿಯ ಕಿಂಡಿ ಮುಚ್ಚಿದೆ, ಫ್ರಿಜ್ಜಿನ ಚಿಲಕ ಬಿದ್ದಿದೆ. ಇನ್ನೊಬ್ಬರು ಹೊರಗೆ: ಕೇಬಲ್ ಕಿತ್ತಿದೆ, ಆಂಟೆನಾ ಇಳಿದಿದೆ, ಅಡ್ಡಗಟ್ಟೆ ತೆಗೆದಿದೆ, ಬಾಗಿಲ ಮೆಟ್ಟಿಲು ಒಳಗೆ ಹೋಗಿದೆ. ಹೊರಗಿನವರು ಗಾಡಿಯ ಸುತ್ತ ಒಂದು ಪೂರ್ತಿ ಸುತ್ತು ಬಂದು, ಚಾಲಕರ ಕನ್ನಡಿಯಲ್ಲಿ ಕಾಣುವ ಕಡೆ ನಿಂತು ಕೈ ಎತ್ತಿದ ಮೇಲೆ ಅವರು ಎಂಜಿನ್ ಚಾಲೂ ಮಾಡಲಿ. ಉಳಿದವರೆಲ್ಲ ಅಷ್ಟು ಹೊತ್ತಿಗೆ ದಾರಿಯ ಎರಡೂ ಬದಿಗೆ ಬಂದು ನಿಂತಿರಬೇಕು.